ಹೆಸರು ಕೊನೆಗೆ: ಕರಾವಳಿ ಮತ್ತು ಘಟ್ಟದ ಕಾಡಿನಲ್ಲಿ ಗೊತ್ತಿಲ್ಲದ ಗಿಡವನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಕರಾವಳಿಯ ಹಳ್ಳಿಗಳಲ್ಲಿ ಹೊನ್ನೆ ಎಂದರೆ ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಮರ. ಕಡಲ ದಂಡೆಯಲ್ಲೂ ಹೊಳೆಯಂಚಿನಲ್ಲೂ ಬೆಳೆಯುವ, ದಪ್ಪ ಹೊಳಪಿನ ಎಲೆಯ ಕ್ಯಾಲೊಫಿಲ್ಲಮ್ ಇನೊಫಿಲ್ಲಮ್. ಘಟ್ಟ ಹತ್ತಿ ಮೇಲೆ ಬಂದರೆ ಹೊನ್ನೆ ಎನ್ನುವುದು ಬೇರೆಯೇ ಮರಕ್ಕೆ: ನಾಟಾಕ್ಕೆ ಹೆಸರಾದ, ಗಾಯವಾದರೆ ಕೆಂಪು ಸೊನೆ ಸುರಿಸುವ ಟೆರೊಕಾರ್ಪಸ್ ಮಾರ್ಸೂಪಿಯಮ್. ಮೊದಲನೆಯದರದು ಕಿರುಎಲೆಗಳಿಲ್ಲದ ಇಡೀ ಎಲೆ, ಗಿಣ್ಣಿಗೆ ಎರಡರಂತೆ ಎದುರುಬದುರು. ಎರಡನೆಯದರಲ್ಲಿ ಒಂದೊಂದು ಎಲೆಯಲ್ಲೂ 5ರಿಂದ 7 ಕಿರುಎಲೆಗಳು. ಎರಡಕ್ಕೂ ನಂಟಿಲ್ಲ. ‘ಇದು ಯಾವ ಮರ’ ಎಂದು ಕೇಳಿ ‘ಹೊನ್ನೆ’ ಎಂಬ ಉತ್ತರ ಪಡೆದವರಿಗೆ ಸಿಕ್ಕಿದ್ದು ಅರ್ಧ ಉತ್ತರ ಮಾತ್ರ.

ಹಾಗಾಗಿ ಗುರುತಿಸುವ ಕೆಲಸ ಹೆಸರಿನಿಂದ ಶುರುವಾಗಬಾರದು. ಮೊದಲು ಲಕ್ಷಣ, ಅದರಿಂದ ಕುಟುಂಬ, ಅಲ್ಲಿಂದ ಜಾತಿ, ಹೆಸರು ಕೊನೆಗೆ. ಈ ಕ್ರಮ ಹಿಡಿದರೆ ಹೂವಿಲ್ಲದ ಗಿಡದ ಕುಟುಂಬವನ್ನೂ ಹಲವು ಬಾರಿ ಕಾಡಿನಲ್ಲೇ ಪತ್ತೆಹಚ್ಚಬಹುದು. ಇಲ್ಲಿ ಹೇಳಿರುವುದೆಲ್ಲ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಕರಾವಳಿಗೂ ಅದಕ್ಕೆ ತಾಗಿಕೊಂಡ ಘಟ್ಟದ ಕಾಡಿಗೂ ಹೊಂದುತ್ತದೆ.

ಹೊರಡುವ ಮುನ್ನ

ಜೊತೆಗೆ ಬೇಕಾದದ್ದು ಹೆಚ್ಚೇನಿಲ್ಲ. 10 ಪಟ್ಟು ಹಿಗ್ಗಿಸುವ ಕೈಮಸೂರ, 15 ಸೆಂಟಿಮೀಟರಿನ ಅಳತೆಪಟ್ಟಿ, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್, ಒಂದು ಬ್ಲೇಡು, ಬಿಳಿ ಕಾಗದದ ತುಂಡುಗಳು, ಕುಡಿಯುವುದಕ್ಕಲ್ಲದೆ ತೊಳೆಯುವುದಕ್ಕೂ ಸಾಲುವಷ್ಟು ನೀರು, ಸಾಬೂನು. ಪೆನ್ಸಿಲ್ಲೇ ಯಾಕೆಂದರೆ ಮಳೆಯಲ್ಲಿ ನೆನೆದ ಹಾಳೆಯಲ್ಲಿ ಪೆನ್ನಿನ ಶಾಯಿ ಹರಡಿಬಿಡುತ್ತದೆ. ಮಸೂರವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಎಲೆಯನ್ನು ಅದರತ್ತ ತರಬೇಕು. ಮಸೂರವನ್ನು ಎಲೆಯ ಮೇಲಿಟ್ಟು ದೂರದಿಂದ ಇಣುಕಿದರೆ ಏನೂ ಕಾಣುವುದಿಲ್ಲ.

ಕಾಂಡ್ಲಾ ಕಾಡಿಗೆ, ಅಂದರೆ ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿಗೆ, ಇಳಿತದ ಹೊತ್ತಿಗೇ ಹೋಗಬೇಕು, ಬೇರುಗಳು ಕಾಣುವುದು ಆಗ ಮಾತ್ರ. ಉಬ್ಬರ ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನಿನ್ನೆ 8ಕ್ಕೆ ಇಳಿದಿದ್ದರೆ ಇಂದು 9ರ ಹತ್ತಿರ. ಮಲೆನಾಡಿನ ಕಾಡಿಗೆ ಡಿಸೆಂಬರ್‌ನಿಂದ ಮೇವರೆಗೆ ಹೋಗುವವರು ಉಣ್ಣೆಗಳ ಬಗ್ಗೆ ಎಚ್ಚರದಿಂದಿರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವ ಕಾಲ ಅದು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗೆ ಒಗೆತ: ಇದರಲ್ಲಿ ರಿಯಾಯಿತಿ ಬೇಡ.

ಮೊದಲ ಐದು ನಿಮಿಷ ಮುಟ್ಟಬೇಡಿ

ಗಿಡ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಮರಳೋ, ಕೆಸರೋ, ಮುರಕಲ್ಲ (ಜಂಬಿಟ್ಟಿಗೆ) ಬಯಲೋ, ಹಳ್ಳದ ಬದಿಯೋ? ಉಬ್ಬರದ ನೀರು ಬುಡಕ್ಕೆ ಬರುತ್ತದೆಯೋ? ನೆರಳಿನಲ್ಲಿದೆಯೋ, ಬಿಸಿಲಿಗೆ ತೆರೆದಿದೆಯೋ? ಇಷ್ಟರಿಂದಲೇ ಸಾಧ್ಯತೆಗಳ ಪಟ್ಟಿ ನೂರರಿಂದ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ, ಏಕೆಂದರೆ ದಿನವೂ ಉಪ್ಪುನೀರು ತಾಗುವ ಕೆಸರಿನಲ್ಲಿ ಬದುಕಬಲ್ಲ ಮರಗಳು ಬೆರಳೆಣಿಕೆಯಷ್ಟು.

ಆಮೇಲೆ ಕಾಂಡ ನೋಡಿ. ತೊಗಟೆಯ ಮೇಲೆ ಟಾರು ಸುರಿದಂತೆ ಕಪ್ಪು ಗೆರೆ ಇಳಿದಿದ್ದರೆ ಅಲ್ಲೇ ನಿಲ್ಲಿ. ಅದು ಹೊಳಗೇರು ಆಗಿರಬಹುದು. ಘಟ್ಟದ ಕಾಡಿನಲ್ಲಿ ಇದರ ಹಲವು ಜಾತಿಗಳಿವೆ, ಎಲ್ಲದರ ಸೊನೆಯೂ ಚರ್ಮವನ್ನು ಸುಡುತ್ತದೆ. ಕೆಲವರಿಗೆ ಅದೇ ದಿನ, ಕೆಲವರಿಗೆ ಒಂದೆರಡು ದಿನ ಬಿಟ್ಟು ಊತ, ತುರಿಕೆ, ನೀರುಗುಳ್ಳೆ. ಮುಟ್ಟದೆ ಖಚಿತಪಡಿಸಿಕೊಳ್ಳುವ ದಾರಿಯೂ ಇದೆ. ಎಲೆಗಳು ರೆಂಬೆಯ ತುದಿಯಲ್ಲಿ ಒತ್ತಾಗಿರುತ್ತವೆ, ಒಂದಾದ ಮೇಲೊಂದು ಬರುತ್ತವೆ. ಎಳೆಯ ಎಲೆಯ ತೊಟ್ಟನ್ನು ಮಸೂರದಲ್ಲಿ ನೋಡಿದರೆ ಎರಡೂ ಬದಿಗೆ ಮುಳ್ಳಿನಂಥ, ಆದರೆ ಮೆತ್ತನೆಯ ಎರಡು ಪುಟ್ಟ ಕೊಂಬುಗಳು. ಬಲಿತ ಎಲೆಯಲ್ಲಿ ಕೊಂಬು ಉದುರಿ ಗಂಟಿನಂಥ ಗುರುತು ಉಳಿಯುತ್ತದೆ. ಮಾವಿನ ಎಲೆಗೂ ಹೊಳಗೇರಿನ ಎಲೆಗೂ ದೂರದಿಂದ ಹೋಲಿಕೆಯಿದೆ. ಮಾವಿನ ತೊಟ್ಟಿನ ಬುಡ ಉಬ್ಬಿರುತ್ತದೆ, ಅದರ ಮೇಲೆ ಈ ಕೊಂಬು ಇರುವುದಿಲ್ಲ.

ಎಲೆ, ತೊಟ್ಟು, ಗಿಣ್ಣು

ಹೂವಿಗಿಂತ ರೆಂಬೆ ಹೆಚ್ಚು ನಂಬಿಕಸ್ಥ ಸಾಕ್ಷಿ. ಹೂವು ವರ್ಷದಲ್ಲಿ ಕೆಲವೇ ವಾರ ಇರುತ್ತದೆ, ರೆಂಬೆ ವರ್ಷಪೂರ್ತಿ. ಮೊದಲ ಪ್ರಶ್ನೆ: ಕೈಯಲ್ಲಿರುವುದು ಇಡೀ ಎಲೆಯೋ, ಎಲೆಯ ತುಂಡೋ? ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಮೊಗ್ಗಿರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಬೇವಿನ ಕಡ್ಡಿಯೊಂದನ್ನು ಹಿಡಿದು ನೋಡಿ, ‘ಎಲೆ’ ಎಂದುಕೊಂಡಿದ್ದ ಒಂದೊಂದರ ಬುಡದಲ್ಲೂ ಮೊಗ್ಗಿಲ್ಲ, ಕಡ್ಡಿಯ ಬುಡದಲ್ಲಿ ಇದೆ. ಅಂದರೆ ಆ ಕಡ್ಡಿಯೇ ಎಲೆ. ಈ ಒಂದು ಹೆಜ್ಜೆ ತಪ್ಪಿದರೆ ಮುಂದಿನ ಎಲ್ಲವೂ ತಪ್ಪುತ್ತದೆ.

ಎರಡನೆಯ ಪ್ರಶ್ನೆ ಜೋಡಣೆಯದು: ಗಿಣ್ಣಿಗೆ ಒಂದೇ ಎಲೆಯೋ (ಮುಂದೆ ಇದನ್ನೇ ‘ಒಂಟಿ’ ಎಂದಿದೆ), ಎದುರುಬದುರು ಎರಡೋ, ಸುತ್ತಲೂ ಮೂರು ಅಥವಾ ಹೆಚ್ಚೋ? ರೆಂಬೆಯ ತುದಿಯಲ್ಲಿ ನೋಡಬೇಡಿ, ಅಲ್ಲಿ ಎಲೆಗಳು ಒತ್ತಿಕೊಂಡು ಕಣ್ಣಿಗೆ ಮೋಸ ಮಾಡುತ್ತವೆ. ತುದಿಯಿಂದ ಒಂದು ಗೇಣು ಕೆಳಗೆ ನೋಡಿ. ಹಾಲೆ ಮರದಲ್ಲಿ ಗಿಣ್ಣಿಗೆ 4ರಿಂದ 7 ಎಲೆ ಕೊಡೆಯಂತೆ ಹರಡಿರುತ್ತವೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮೂರನೆಯದು ಹೆಚ್ಚಿನವರು ನೋಡದೇ ಬಿಡುವ ಜಾಗ. ಎದುರುಬದುರು ಎಲೆಗಳಿದ್ದರೆ ಎರಡು ತೊಟ್ಟುಗಳ ನಡುವಿನ ಕಾಂಡದ ಮೇಲೆ ಕಣ್ಣಿಡಿ. ಅಲ್ಲಿ ತ್ರಿಕೋನಾಕಾರದ ಪುಟ್ಟ ಪೊರೆಯೋ ಗೆರೆಯೋ ಇದ್ದು, ಎಲೆಯ ಅಂಚು ನುಣ್ಣಗಿದ್ದರೆ ಅದು ಬಹುಪಾಲು ಕಾಫಿ ಕುಟುಂಬ. ಕೇಪಳದ ಗಿಡದಲ್ಲೂ ಕಾಫಿ ಗಿಡದಲ್ಲೂ ಈ ಪೊರೆ ಚೆನ್ನಾಗಿ ಕಾಣುತ್ತದೆ, ಮನೆ ಹಿತ್ತಲಲ್ಲೇ ಅಭ್ಯಾಸ ಮಾಡಬಹುದು. ಆಲ, ಅತ್ತಿ, ಅರಳಿಯ ಬಳಗದಲ್ಲಿ ಇದೇ ಪೊರೆ ತುದಿಮೊಗ್ಗನ್ನು ಟೋಪಿಯಂತೆ ಮುಚ್ಚಿಕೊಂಡಿದ್ದು, ಉದುರಿದ ಮೇಲೆ ಗಿಣ್ಣಿನ ಸುತ್ತ ಬಳೆಯಂಥ ಗುರುತು ಬಿಡುತ್ತದೆ. ಕಾಂಡ ಚೌಕವಾಗಿದ್ದು ಎಲೆ ಎದುರುಬದುರಾಗಿದ್ದು ಉಜ್ಜಿದರೆ ಪರಿಮಳ ಬಂದರೆ ತುಳಸಿಯ ಬಳಗವನ್ನು ನೆನೆಯಿರಿ.

ಎಲೆಯನ್ನು ಬೆಳಕಿಗೆ ಹಿಡಿಯುವುದನ್ನೂ ಮರೆಯಬಾರದು. ಸಣ್ಣ ಪಾರದರ್ಶಕ ಚುಕ್ಕಿಗಳು ಕಂಡು ನಿಂಬೆಯ ವಾಸನೆ ಬಂದರೆ ನಿಂಬೆ ಕುಟುಂಬ. ಚುಕ್ಕಿಯಿದ್ದು, ಎಲೆ ಎದುರುಬದುರಾಗಿ, ಅಂಚಿಗೆ ಸಮಾನಾಂತರವಾಗಿ ಒಂದು ನರ ಓಡಿದ್ದರೆ ನೇರಳೆ ಬಳಗ. ಕರಾವಳಿಯ ಹೊನ್ನೆಯಲ್ಲಿ ಚುಕ್ಕಿಯಿಲ್ಲ. ನಡುನರದಿಂದ ಅಂಚಿನವರೆಗೆ ಕೂದಲೆಳೆಯಂಥ ನರಗಳು ಬಾಚಣಿಗೆಯಲ್ಲಿ ಬಾಚಿದ ಹಾಗೆ ಒತ್ತೊತ್ತಾಗಿ ಓಡುತ್ತವೆ.

ಸೊನೆ ಹೇಳುವ ಮಾತು

ಘಟ್ಟದ ಕಾಡಿನಲ್ಲಿ ಅತಿ ವೇಗವಾಗಿ ಕುಟುಂಬ ತಿಳಿಸುವುದು ಸೊನೆ. ಅಪಾಯವೂ ಇಲ್ಲೇ ಹೆಚ್ಚು, ಆದ್ದರಿಂದ ಕ್ರಮ ತಪ್ಪಬಾರದು. ಕಪ್ಪು ಗೆರೆ ಇಲ್ಲವೆಂದು ಖಚಿತವಾದ ಮೇಲೆ ಕಾಗದದ ತುಂಡಿನಿಂದ ಎಲೆ ಹಿಡಿದು ತೊಟ್ಟಿನ ಬುಡದಲ್ಲಿ ಮುರಿಯಿರಿ. ಮುರಿದ ಬಾಯನ್ನು ಬಿಳಿ ಕಾಗದಕ್ಕೆ ಒತ್ತಿ ಐದು ನಿಮಿಷ ಕಾಯಿರಿ. ಕಾಯುವುದು ಮುಖ್ಯ, ಏಕೆಂದರೆ ಹೊಳಗೇರು ಮತ್ತು ಕರಿಗೇರಿನ ಬಳಗದ ಸೊನೆ ಹೊರಬಂದಾಗ ಬಣ್ಣವಿಲ್ಲದಂತೆಯೋ ತಿಳಿಯಾಗಿಯೋ ಇದ್ದು ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ. ಒಂದೇ ನಿಮಿಷಕ್ಕೆ ‘ಸೊನೆ ಇಲ್ಲ’ ಎಂದು ಬರೆದುಕೊಂಡವರು ಕೈಗೆ ಗುಳ್ಳೆ ಬಂದ ಮೇಲೆ ತಿದ್ದಿಕೊಳ್ಳಬೇಕಾಗುತ್ತದೆ.

ಹಳದಿ ಸೊನೆ, ಎದುರುಬದುರು ಎಲೆ ಎಂದರೆ ಮುರುಗಲು ಮತ್ತು ಉಪ್ಪಾಗೆಯ ಬಳಗ. ಕೆಂಪು ಸೊನೆ, ಕಿರುಎಲೆಗಳಿಲ್ಲದ ಇಡೀ ಎಲೆ, ನೆಟ್ಟಗಿನ ಕಾಂಡದಿಂದ ಅಡ್ಡಡ್ಡ ಚಾಚಿದ ರೆಂಬೆಗಳು ಎಂದರೆ ರಾಮಪತ್ರೆ ಮತ್ತು ರಕ್ತಮರದ ಬಳಗ. ಕೆಂಪು ಸೊನೆಯ ಜೊತೆ ಕಿರುಎಲೆಗಳಿದ್ದರೆ ಮೇಲೆ ಹೇಳಿದ ಘಟ್ಟದ ಹೊನ್ನೆ. ಕೆಂಪು ಸೊನೆ ತೊಟ್ಟಿನಲ್ಲಿ ಕಡಿಮೆ ಕಾಣುತ್ತದೆ, ತೊಗಟೆಯಲ್ಲಿ ಮೊದಲೇ ಆಗಿರುವ ಗಾಯ ಹುಡುಕಿ. ನೋಡುವುದಕ್ಕಾಗಿ ಮರಕ್ಕೆ ಕತ್ತಿ ಹಾಕುವುದು ಬೇಡ, ಆ ಗಾಯದಿಂದ ಗೆದ್ದಲೂ ಶಿಲೀಂಧ್ರವೂ ಒಳಸೇರುತ್ತವೆ.

ಬಿಳಿ ಹಾಲು ಸ್ವಲ್ಪ ಗೋಜಲು. ಎಲೆ ಎದುರುಬದುರಾಗಿದ್ದರೆ ಅಥವಾ ಸುತ್ತಲೂ ಇದ್ದರೆ ಎಕ್ಕ, ಹಾಲೆಗಳ ಕುಟುಂಬ. ಒಂಟಿಯಾಗಿದ್ದು ಗಿಣ್ಣಿನಲ್ಲಿ ಬಳೆ ಗುರುತಿದ್ದರೆ ಆಲ, ಹಲಸಿನ ಕುಟುಂಬ. ಆದರೆ ದೇವಕಣಗಿಲೆ ಎಕ್ಕದ ಕುಟುಂಬದ್ದೇ ಆಗಿಯೂ ಎಲೆ ಒಂಟಿ. ಅದೇ ರೀತಿ ಹಿನ್ನೀರಿನ ಅಂಚಿನಲ್ಲಿ ಸಿಗುವ ಸರ್ಬೆರಾ ಒಡೊಲ್ಲಮ್ ಕೂಡ. ರೆಂಬೆ ತುದಿಯಲ್ಲಿ ಗುಂಪಾದ ಎಲೆ, ನಡುವೆ ಹಳದಿ ಕಣ್ಣಿನ ಬಿಳಿ ಹೂ, ಎಳೆ ಮಾವಿನಕಾಯಿಯಂಥದೇ ಹಸಿರು ಕಾಯಿ. ಈ ಕಾಯಿಯ ಬೀಜ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ವಿಷ. ಕಾಯಿ ಮಾವಿನಂತಿದ್ದೂ ತೊಟ್ಟು ಮುರಿದಾಗ ದಟ್ಟ ಬಿಳಿ ಹಾಲು ಸುರಿದರೆ ಅದು ಮಾವಲ್ಲ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಕೆಸರಿನ ಅಂಚಿನಲ್ಲಿ ಇನ್ನೊಂದು ಹಾಲಿನ ಮರವಿದೆ, ಎಕ್ಸೊಕೇರಿಯಾ ಅಗಲ್ಲೋಚಾ. ಎಲೆ ಒಂಟಿ, ಉದುರುವ ಮುನ್ನ ಕಡುಗೆಂಪಾಗುತ್ತದೆ. ಇದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದರೆ ಉಜ್ಜದೆ, ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ಬಿಡದೆ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಕಾಂಡ್ಲಾ ಕಾಡಿನಲ್ಲಿ ಹಾಲಿನ ಪರೀಕ್ಷೆಯೇ ಬೇಡ. ಅಲ್ಲಿ ಬೇರು ಮತ್ತು ಪುಷ್ಪಪಾತ್ರೆ (ಎಸಳುಗಳ ಹೊರಗಿನ, ಹೂವಿನ ಬುಡದ ಬಟ್ಟಲು) ನೋಡಿದರೆ ಸಾಕು.

ಕಾಂಡ್ಲಾ ಕಾಡಿನೊಳಗೆ

ಅಘನಾಶಿನಿ ಅಳಿವೆಯಲ್ಲಾಗಲಿ, ಹೊನ್ನಾವರದ ಶರಾವತಿ ಅಳಿವೆಯಲ್ಲಾಗಲಿ, ಕುಂದಾಪುರದ ಹಿನ್ನೀರಿನಲ್ಲಾಗಲಿ ಒಂದೇ ಕ್ರಮ: ಮೊದಲು ಬೇರು. ಕಾಂಡದಿಂದ ಕಮಾನಿನಂತೆ ಇಳಿದ ಊರುಗಾಲು ಬೇರುಗಳಿದ್ದರೆ ರೈಜೊಫೊರಾ, ಜನ ಕಾಂಡ್ಲಾ ಎನ್ನುವುದು ಹೆಚ್ಚಾಗಿ ಇದನ್ನೇ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ತೆಳ್ಳನೆಯ ಬೇರುಗಳು ಎದ್ದಿದ್ದರೆ ಉಪ್ಪಟ್ಟಿ, ಅಂದರೆ ಅವಿಸೆನ್ನಿಯಾ. ಬೇರು ಇನ್ನೂ ದಪ್ಪವಾಗಿ ಶಂಕುವಿನಂತಿದ್ದರೆ ಸೊನೆರೇಶಿಯಾ. ಮೊಣಕಾಲು ಮಡಿಚಿದಂತೆ ಎದ್ದು ಮತ್ತೆ ಕೆಸರಿಗಿಳಿದರೆ ಬ್ರುಗ್ವಿಯೆರಾ.

ಬೇರು ಮುಳುಗಿದ್ದರೆ ಎಲೆ ತಿರುಗಿಸಿ. ಉಪ್ಪಟ್ಟಿಯ ಎಲೆಯ ಅಡಿಭಾಗ ಬೂದು ಅಥವಾ ಮಾಸಲು ಹಳದಿ, ಒಣದಿನಗಳಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಮಸೂರದಲ್ಲಿ ಮಿನುಗುತ್ತವೆ. ಮರ ಹೀರಿದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಹಾಕಿದ ಫಲ ಅದು. ರೈಜೊಫೊರಾ ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆಯುತ್ತದೆ, ಅದರ ಎಲೆಯಡಿಯಲ್ಲಿ ಹರಳಿನ ಬದಲು ಕಪ್ಪು ಚುಕ್ಕಿಗಳು.

ಈಗ ಒಂದು ಸೂಕ್ಷ್ಮ ಕೆಲಸ. ರೈಜೊಫೊರಾ, ಬ್ರುಗ್ವಿಯೆರಾ, ಕಾಂಡೇಲಿಯಾ ಮೂರರಲ್ಲೂ ಬೀಜ ಮರದ ಮೇಲೇ ಮೊಳೆತು ನುಗ್ಗೆಕಾಯಿಯಂತೆ ನೇತಾಡುತ್ತದೆ, ಹಾಗಾಗಿ ಹೊಸಬರು ಮೂರನ್ನೂ ಒಂದೇ ಎನ್ನುತ್ತಾರೆ. ಆ ಕೋಡಿನ ತಲೆಯ ಕಡೆ ಪುಷ್ಪಪಾತ್ರೆ ಹಾಗೇ ಉಳಿದಿರುತ್ತದೆ, ಅದರ ದಳಗಳನ್ನು ಎಣಿಸಿ. 4 ಇದ್ದರೆ ರೈಜೊಫೊರಾ. 5 ತೆಳ್ಳನೆಯ ದಳಗಳು ಹಿಂದಕ್ಕೆ ಮಡಿಚಿದ್ದರೆ ಕಾಂಡೇಲಿಯಾ. 8 ಅಥವಾ ಹೆಚ್ಚಿದ್ದರೆ ಬ್ರುಗ್ವಿಯೆರಾ. ಹೂವಿನ ಕಾಲ ಮುಗಿದ ಮೇಲೂ ಈ ಲೆಕ್ಕ ಕೈಬಿಡುವುದಿಲ್ಲ. ಕಾಂಡೇಲಿಯಾ ಎಂಬ ವೈಜ್ಞಾನಿಕ ಹೆಸರು ಹುಟ್ಟಿದ್ದೇ ಮಲಬಾರಿನ ಜನರ ‘ಕಂಡೆಲ್’ ಎಂಬ ಮಾತಿನಿಂದ.

ರೈಜೊಫೊರಾ ಒಳಗೂ ಎರಡು ಜಾತಿ. ಹೂವು ಎರಡೆರಡಾಗಿ, ಮೋಟು ದಪ್ಪ ತೊಟ್ಟಿನಲ್ಲಿ, ಎಲೆ ಉದುರಿದ ಭಾಗದಲ್ಲಿ ಕಂಡರೆ ರೈಜೊಫೊರಾ ಅಪಿಕ್ಯುಲೇಟಾ. ಎಲೆಯ ಕಂಕುಳಲ್ಲೇ ಉದ್ದ ತೊಟ್ಟಿನ ಗೊಂಚಲು, ಎಸಳ ಅಂಚಿನಲ್ಲಿ ಬಿಳಿ ರೋಮ ಇದ್ದರೆ ರೈಜೊಫೊರಾ ಮ್ಯುಕ್ರೊನೇಟಾ.

ಕೆಸರಿನಿಂದ ಎದ್ದ ಬೇರು ಕಂಡದ್ದೆಲ್ಲ ಕಾಂಡ್ಲಾ ಅಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಸಿಹಿನೀರಿನ ಜೌಗಿನಲ್ಲಿ ರಾಮಪತ್ರೆ ಬಳಗದ ಮರಗಳಿಗೂ ಊರುಗಾಲು, ಮೊಣಕಾಲು ಬೇರುಗಳಿವೆ. ನಾಡಿನ ಅಪರೂಪದ ಕಾಡು ಅದು. ಅಲ್ಲಿ ಒಂದು ಸಸಿಯನ್ನೂ ತುಳಿಯದ ಹಾಗೆ ನಡೆಯಬೇಕು.

ಮರಳಿನ ಮೇಲೆ ಕೆಲಸ ಸುಲಭ, ಗಿಡಗಳೇ ಕಡಿಮೆ. ಅಡುಂಬು ಬಳ್ಳಿಯ ಎಲೆ ಆಡಿನ ಗೊರಸಿನಂತೆ ಸೀಳಿದ್ದು, ಮುರಿದರೆ ಹಾಲು. ಅದರ ಪಕ್ಕದಲ್ಲೇ ಅಂಥದೇ ನೇರಳೆಗೆಂಪು ಹೂವಿನ ಇನ್ನೊಂದು ಬಳ್ಳಿ ಸಿಗಬಹುದು. ಎಲೆಯಲ್ಲಿ ಮೂರು ಕಿರುಎಲೆ, ಅವರೆಯಂಥ ಹೂ, ದಪ್ಪ ಕೋಡು ಇದ್ದರೆ ಅದು ಕೆನವೇಲಿಯಾ. ಗಾಳಿಗೆ ಉರುಳುವ ಮುಳ್ಳಿನ ಚೆಂಡುಗಳು ರಾವಣನ ಮೀಸೆ ಹುಲ್ಲಿನ ಹೆಣ್ಣು ತೆನೆ. ಗಾಳಿಮರದ ‘ಸೂಜಿ’ ಎಲೆಯಲ್ಲ, ಕಿರುರೆಂಬೆ. ಮೆಲ್ಲಗೆ ಎಳೆದರೆ ಗೆಣ್ಣುಗೆಣ್ಣಾಗಿ ಕಳಚುತ್ತದೆ, ಒಂದೊಂದು ಗೆಣ್ಣಿನಲ್ಲೂ ಹಲ್ಲಿನಂಥ 6ರಿಂದ 8 ನಿಜವಾದ ಎಲೆಗಳು.

ಮೋಸ ಮಾಡುವ ಜೋಡಿಗಳು

ಎಲ್ಲಕ್ಕಿಂತ ಅಪಾಯದ್ದು ಕಾಸರಕ ಮತ್ತು ಕಾಡು ದಾಲ್ಚಿನ್ನಿ. ಎರಡಕ್ಕೂ ಹೊಳೆಯುವ, ಎದುರುಬದುರು ಎಲೆ, ಎರಡರಲ್ಲೂ ಬುಡದ ಹತ್ತಿರದಿಂದ ಉದ್ದಕ್ಕೆ ಓಡುವ ನರಗಳು. ದಾಲ್ಚಿನ್ನಿಯಲ್ಲಿ 3 ನರ, ಕಾಸರಕದಲ್ಲಿ 3ರಿಂದ 5. ನರ ಎಣಿಸಿ ನಿರ್ಧರಿಸಬೇಡಿ, ಎಲೆ ಉಜ್ಜಿ ಮೂಸಿ. ದಾಲ್ಚಿನ್ನಿಯ ಪರಿಮಳ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಪರಿಮಳವಿಲ್ಲದಿದ್ದರೆ ಅಡುಗೆಮನೆಗೆ ತರಬೇಡಿ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಸ್ನಾಯುಗಳನ್ನು ಸೆಟೆಸಿ ಕೊಲ್ಲುತ್ತದೆ. ರುಚಿ ನೋಡಿ ಗುರುತಿಸುವ ಪದ್ಧತಿಯನ್ನು ಈ ಕಾರಣಕ್ಕೇ ಪೂರ್ತಿ ಕೈಬಿಡಬೇಕು.

ಗೆಡ್ಡೆ ಅಗೆಯುವವರಿಗೆ ಅಗ್ನಿಶಿಖೆ ಇನ್ನೊಂದು ಬಲೆ. ಹೂವಿಲ್ಲದಾಗ ಅದನ್ನೂ ಕಾಡುಗೆಣಸಿನ ಬಳ್ಳಿ ಎಂದುಕೊಳ್ಳುವ ಸಾಧ್ಯತೆಯಿದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದಿದ್ದರೆ ಅದು ಅಗ್ನಿಶಿಖೆ, ಗೆಡ್ಡೆ ಪ್ರಾಣಾಂತಕ. ಕಾಡುಗೆಣಸಿನ ಬಳ್ಳಿ ಕಾಂಡದಿಂದಲೇ ಸುತ್ತಿಕೊಳ್ಳುತ್ತದೆ, ಎಲೆ ತುದಿಯಲ್ಲಿ ಸುರುಳಿಯಿಲ್ಲ.

ವಯಸ್ಸೂ ಮೋಸ ಮಾಡುತ್ತದೆ. ಹೆಬ್ಬಲಸಿನ ಸಸಿಯ ಎಲೆ ಆಳವಾಗಿ ಸೀಳಿರುತ್ತದೆ, ದೊಡ್ಡ ಮರದ ಎಲೆಯಲ್ಲಿ ಸೀಳೇ ಇಲ್ಲ. ಕರಾವಳಿಯ ನೆಡುತೋಪುಗಳ ಅಕೇಶಿಯಾ ಆರಿಕ್ಯುಲಿಫಾರ್ಮಿಸ್‌ನ ಮೊಳಕೆಗೆ ನಾಚಿಕೆಮುಳ್ಳಿನಂಥ ಕಿರುಎಲೆಗಳು, ಬೆಳೆದ ಮರದಲ್ಲಿ ‘ಎಲೆ’ಯಾಗಿ ಕಾಣುವುದು ಚಪ್ಪಟೆಯಾದ ತೊಟ್ಟು. ಆದ್ದರಿಂದ ಸಸಿ ಸಿಕ್ಕರೆ ಸುತ್ತ 20–30 ಮೀಟರಿನಲ್ಲಿ ತಾಯಿಮರ ಹುಡುಕಿ. ಎಲೆಯ ಗಾತ್ರ, ಗಿಡದ ಎತ್ತರ, ಹೂವಿನ ಬಣ್ಣದ ಛಾಯೆ ಇವು ನೆರಳು ಬಿಸಿಲಿಗೆ ತಕ್ಕಂತೆ ಬದಲಾಗುತ್ತವೆ, ಅವುಗಳ ಮೇಲೆ ಭಾರ ಹಾಕಬೇಡಿ.

ಹೂ ಸಿಕ್ಕಿದರೆ

ಬಿದ್ದ ಹೂವನ್ನೇ ಎತ್ತಿಕೊಳ್ಳಿ. ಪುಷ್ಪಪಾತ್ರೆಯ ದಳ, ಎಸಳು, ಕೇಸರ ಎಣಿಸಿ ಬರೆಯಿರಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಅಂಡಾಶಯ ಎಲ್ಲಿದೆ ನೋಡಿ: ದಾಸವಾಳದಂತೆ ಎಸಳಿನ ಮೇಲಕ್ಕೋ, ಕುಂಬಳದಂತೆ ಕೆಳಕ್ಕೋ? ಕುಟುಂಬಗಳನ್ನು ಬೇರ್ಪಡಿಸುವಲ್ಲಿ ಬಣ್ಣಕ್ಕಿಂತ ಈ ಒಂದು ಸೀಳು ಹೆಚ್ಚು ಕೆಲಸ ಮಾಡುತ್ತದೆ.

ಫೋಟೊ, ಆ್ಯಪ್, ಖಚಿತಪಡಿಸುವುದು

ಒಂದು ಹೂವಿನ ಚಿತ್ರದಿಂದ ಯಾರೂ ಸರಿಯಾಗಿ ಹೇಳಲಾರರು. ಕನಿಷ್ಠ ಒಂಬತ್ತು ಚಿತ್ರ ಬೇಕು: ಇಡೀ ಗಿಡ, ತೊಗಟೆ, ಜೋಡಣೆ ಕಾಣುವ ರೆಂಬೆ, ಎಲೆಯ ಮೇಲ್ಭಾಗ, ಅಡಿಭಾಗ, ಗಿಣ್ಣಿನ ಸಮೀಪಚಿತ್ರ, ಹೂವು ಎದುರಿನಿಂದ ಮತ್ತು ಬದಿಯಿಂದ, ಕಾಯಿ. ಒಂದರಲ್ಲಾದರೂ ಅಳತೆಪಟ್ಟಿ ಇರಲಿ. ಐನ್ಯಾಚುರಲಿಸ್ಟ್‌ನಂಥ ಆ್ಯಪ್ ಕೊಡುವ ಹೆಸರು ಸಲಹೆ ಮಾತ್ರ. ಅದು ಕಲಿತದ್ದು ಜನ ಹಾಕಿದ ಚಿತ್ರಗಳಿಂದ, ಆದ್ದರಿಂದ ಘಟ್ಟಕ್ಕೇ ಸೀಮಿತವಾದ, ಚಿತ್ರ ಕಡಿಮೆಯಿರುವ ಮರವನ್ನು ಜಗತ್ತಿನಾದ್ಯಂತ ಸಿಗುವ ಅದರ ಬಂಧುವಿನ ಹೆಸರಿನಿಂದ ಕರೆದುಬಿಡಬಹುದು. ಅದು ಹೇಳಿದ ಹೆಸರಿನ ಕುಟುಂಬವು ನೀವು ಎಲೆ, ಗಿಣ್ಣು, ಸೊನೆಗಳಿಂದ ಕಂಡುಕೊಂಡ ಕುಟುಂಬಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಆ್ಯಪನ್ನು ಬಿಡಿ, ಗಿಡವನ್ನಲ್ಲ.

ಹಳೆಯ ಸಸ್ಯಕೋಶ (ಒಂದು ಪ್ರಾಂತ್ಯದ ಗಿಡಗಳನ್ನು ವಿವರಿಸುವ ಪುಸ್ತಕ) ತೆರೆಯುವವರಿಗೆ ಒಂದು ಸೂಚನೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ ಕಾರವಾರ, ಶಿರಸಿಯ ಗಿಡಗಳು ಬಾಂಬೆ ಪ್ರಾಂತ್ಯದ ಸಸ್ಯಕೋಶದಲ್ಲೂ, ಮಂಗಳೂರು, ಉಡುಪಿಯವು ಮದ್ರಾಸಿನದರಲ್ಲೂ ಇವೆ. ಅಲ್ಲಿಯ ಅನೇಕ ಹೆಸರುಗಳು ಈಗ ಬದಲಾಗಿವೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ಜಾಲತಾಣದಲ್ಲಿ ಹಳೆಯ ಹೆಸರು ಹಾಕಿದರೆ ಇಂದಿನ ಹೆಸರು ಸಿಗುತ್ತದೆ.

ಮಾದರಿ ಒಣಗಿಸುವುದಾದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಎಲೆಯನ್ನೂ ಕೀಳುವಂತಿಲ್ಲ. ಬೇರೆಡೆ, ಜಾಗದ ಒಡೆಯರ ಒಪ್ಪಿಗೆಯಿಂದ, ಸುತ್ತ ಇನ್ನೂ ಹತ್ತಿಪ್ಪತ್ತು ಗಿಡಗಳಿದ್ದರೆ ಮಾತ್ರ ಒಂದು ರೆಂಬೆ. 28×42 ಸೆಂಟಿಮೀಟರ್ ಹಾಳೆಗೆ ಹೊಂದುವಷ್ಟು ಕತ್ತರಿಸಿ, ಒಂದೆರಡು ಎಲೆಯ ಅಡಿಭಾಗ ಮೇಲಕ್ಕೆ ಬರುವಂತೆ ಪತ್ರಿಕೆಯ ಮಡಿಕೆಯಲ್ಲಿಟ್ಟು ಭಾರ ಹೇರಿ. ಪತ್ರಿಕೆಯನ್ನು ಮರುದಿನವೇ ಬದಲಿಸಿ, ಆಮೇಲೆ ವಾರದವರೆಗೆ ದಿನಕ್ಕೊಮ್ಮೆ. ಮಳೆಗಾಲದಲ್ಲಿ ಇದನ್ನು ಮರೆತರೆ ಮೂರೇ ದಿನಕ್ಕೆ ಬೂಸು. ಕಾಂಡ್ಲಾ ಬಳಗದ ರಸಭರಿತ ಎಲೆಗಳು ಒತ್ತಿನಲ್ಲೂ ಬಹುಕಾಲ ಜೀವ ಹಿಡಿದುಕೊಂಡು ಕೊನೆಗೆ ಕಳಚಿಕೊಳ್ಳುತ್ತವೆ, ಅವನ್ನು ಒತ್ತುವ ಮೊದಲು ಕುದಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ. ಚೀಟಿಯಲ್ಲಿ ದಿನಾಂಕ, ಜಾಗ, ನೆಲದ ಬಗೆ, ಗಿಡದ ಎತ್ತರದ ಜೊತೆಗೆ ಸೊನೆಯ ಬಣ್ಣ, ವಾಸನೆ, ಹೂವಿನ ಬಣ್ಣ ಬರೆಯಲೇಬೇಕು. ಒಣಗಿದ ರೆಂಬೆಯಲ್ಲಿ ಇವು ಉಳಿಯುವುದಿಲ್ಲ.

ಒಂದಕ್ಕೊಂದು ಸಂಬಂಧವಿಲ್ಲದ ಮೂರು ಲಕ್ಷಣಗಳಾದರೂ ಹೊಂದಿದಾಗ, ಆ ಜಾತಿ ಈ ಭಾಗದಲ್ಲಿ ಮೊದಲೇ ದಾಖಲಾಗಿದ್ದಾಗ ಹೆಸರು ಬರೆಯಿರಿ. ಅಲ್ಲಿಯವರೆಗೆ ‘ಮುರುಗಲು ಬಳಗ, ಜಾತಿ ತಿಳಿದಿಲ್ಲ’ ಎಂದು ಬರೆದಿಡುವುದು ತಪ್ಪು ಹೆಸರಿಗಿಂತ ಎಷ್ಟೋ ಉಪಯುಕ್ತ. ಮರಕ್ಕೆ ಜಿಪಿಎಸ್ ಗುರುತು ಹಾಕಿಕೊಂಡು ಮತ್ತೆ ಹೋಗಿ: ಘಟ್ಟದ ಮರಗಳಲ್ಲಿ ಹೆಚ್ಚಿನವು ಜನವರಿಯಿಂದ ಏಪ್ರಿಲ್ ನಡುವೆ ಹೂ ಬಿಡುತ್ತವೆ, ಮುರಕಲ್ಲ ಬಯಲಿನ ಪುಟ್ಟ ಗಿಡಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ.